ಪೆಟ್ಟಿಗೆ ಬಿಚ್ಚಿದ ಮೇಷ್ಟ್ರು

"ಕೇಳಿರಿ, ಹೊನ್ನಗೇರಿಯ ಪ್ರಜೆಗಳೇ. ಅರಸರು ಪ್ರೌಢಶಾಲೆಗೆ ದಯಪಾಲಿಸಿದ ಕಂಪ್ಯೂಟರಿನ ತಿರುಪು ಬಿಚ್ಚಿ, ಒಳಗಿನದನ್ನೆಲ್ಲ ಮಕ್ಕಳ ಕೈಗೆ ಕೊಟ್ಟ ಕಾಳಪ್ಪ ಮೇಷ್ಟ್ರಿಗೆ ಗಲ್ಲು ವಿಧಿಸಲಾಗಿದೆ. ಆ ಯಂತ್ರವನ್ನು ಕುರಿತು ರಾಜಕುಮಾರಿಯವರು ಮೂರು ಒಗಟು ಹೇಳುವರು. ಮೂರನ್ನೂ ಬಿಡಿಸಿದವರು ಮೇಷ್ಟ್ರ ಜೀವ ಉಳಿಸಬಹುದು, ಮೇಲೊಂದು ವರವನ್ನೂ ಕೇಳಬಹುದು. ಒಂದು ತಪ್ಪಿದರೂ ಅವರಿಗೂ ಅದೇ ಗಲ್ಲು."

ಡಂಗುರದ ಸದ್ದು ಸೆರೆಮನೆಯ ಕಿಂಡಿಯಲ್ಲೂ ಕೇಳಿಸಿತು. ಯಾರೂ ಬಾರದಿರಲಿ ಎಂದುಕೊಂಡರು ಕಾಳಪ್ಪ ಮೇಷ್ಟ್ರು.

ಅವರು ಲೆಕ್ಕದ ಮೇಷ್ಟ್ರು. ಕಂಪ್ಯೂಟರ್ ಪಾಠ ಬೇರೆ ಯಾರೂ ಒಪ್ಪಿಕೊಳ್ಳದ್ದರಿಂದ ಇವರ ತಲೆಗೆ ಬಂದಿತ್ತು. ನಲವತ್ತು ಯಂತ್ರಗಳಿಗೆ ಗಾಜಿನ ಬೀರು, ಬೀರುವಿಗೆ ಅರಮನೆಯ ಬೀಗ. ಪಾಠಕ್ಕೆಂದು ಹೊರಗಿಟ್ಟಿದ್ದು ಒಂದೇ, ಅದನ್ನೂ ದೂರದಿಂದ ನೋಡಬೇಕು. ಒಂದು ವರ್ಷ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದ ಮೇಲೆ, ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳಿದರೆ ಒಬ್ಬ ಹುಡುಗ "ಬೆಳಕು" ಅಂದ. ಅಂದೇ ಮೇಷ್ಟ್ರು ಆ ಯಂತ್ರವನ್ನು ಬಿಚ್ಚಿ, ತಿರುಪುಗಳನ್ನು ಊಟದ ಡಬ್ಬಿಯ ಮುಚ್ಚಳದಲ್ಲಿ ಹಾಕಿಟ್ಟು, ಮಕ್ಕಳನ್ನು ಸುತ್ತ ಕೂರಿಸಿದರು. ಮಕ್ಕಳು ಬಿಚ್ಚುವುದು, ಮತ್ತೆ ಕೂಡಿಸುವುದು ನಾಲ್ಕು ತಿಂಗಳು ನಡೆಯಿತು. ಅರಸರು ಶಾಲೆ ನೋಡಲು ಬಂದ ದಿನ ಅದು ಹದಿನಾರು ತುಂಡಾಗಿ ಮೇಜಿನ ಮೇಲಿತ್ತು.

ಒಗಟಿನ ದಿನ ಮೇಷ್ಟ್ರನ್ನು ಆಸ್ಥಾನದ ಕಂಬಕ್ಕೆ ಕಟ್ಟಿದರು. ಅವರು ತುಟಿ ಅಲ್ಲಾಡಿಸಿದರೂ ಉತ್ತರಿಸುವವರು ಸೋತಂತೆ ಎಂಬುದು ಆಜ್ಞೆ. ಬಂದವರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟು ಬಾಗಿಲು ಮುಚ್ಚಿದರು.

ಮೊದಲು ಬಂದವನು ಯಂತ್ರದ ಪುಸ್ತಕವನ್ನೆಲ್ಲ ಬಾಯಿಪಾಠ ಮಾಡಿದ್ದ ಪಂಡಿತ ವಾಸುಕಿಭಟ್ಟ. ರಾಜಕುಮಾರಿ ಕೇಳಿದಳು: "ಒಬ್ಬ ಗುಮಾಸ್ತನಿದ್ದಾನೆ. ಎದುರಿಗಿರುವ ಕೆಲಸವನ್ನೆಲ್ಲ ನೆನಪಿನಲ್ಲಿಟ್ಟುಕೊಂಡು ಕೇಳಿದ ತಕ್ಷಣ ಹೇಳುತ್ತಾನೆ. ದೀಪ ಆರಿದರೆ ಅವನಿಗೆ ತನ್ನ ಹೆಸರೂ ನೆನಪಿರುವುದಿಲ್ಲ. ಅವನು ಬಾರದ ದಿನ ಮನೆ ಕೂಗಿಕೊಳ್ಳುತ್ತದೆ. ಯಾರವನು?"

ಪಂಡಿತ ಕಣ್ಣು ಮುಚ್ಚಿ, ನೆನಪಿನ ಅಧ್ಯಾಯವನ್ನು ಪೂರ್ತಿ ಒಪ್ಪಿಸಿ, ಹಾರ್ಡ್ ಡಿಸ್ಕ್ ಎಂದ. ಅದು ದೀಪ ಆರಿದರೂ ಮರೆಯುವುದಿಲ್ಲ ಎಂದು ರಾಜಕುಮಾರಿ ಮೆಲ್ಲಗೆ ಹೇಳಿದಳು. ಕಾವಲಿನವರು ಅವನ ತೋಳು ಹಿಡಿದರು. ಮೇಷ್ಟ್ರು ನೆಲ ನೋಡಿದರು.

ಎರಡನೆಯವನು ಅರಮನೆಗೆ ಆ ಯಂತ್ರಗಳನ್ನು ಮಾರಿದ ವರ್ತಕ ಧರಣೇಂದ್ರಯ್ಯ. ಮಾರಿದ ಸಾಮಾನಾದ್ದರಿಂದ ಗುಮಾಸ್ತನನ್ನು ಗುರುತಿಸಿದ. ಎರಡನೆಯ ಒಗಟು ಹೀಗಿತ್ತು: "ಮನೆಯ ಲೆಕ್ಕವೆಲ್ಲ ಯಜಮಾನನದೇ. ಗಾಳಿ ಬೀಸುವವನು ಅವನ ನೆತ್ತಿಯ ಮೇಲೇ ಕೂತಿರಬೇಕು. ಬೀಸುವುದು ನಿಂತರೆ ಬೈಯುವುದಿಲ್ಲ, ಸುಮ್ಮನೆ ಕಣ್ಣು ಮುಚ್ಚುತ್ತಾನೆ. ಮನೆಯೆಲ್ಲ ಕತ್ತಲಾಗುತ್ತದೆ." ವರ್ತಕ ಬೆವರು ಒರೆಸಿಕೊಂಡು, ಪವರ್ ಸಪ್ಲೈ ಎಂದ, ಅದಕ್ಕೂ ಒಂದು ಫ್ಯಾನ್ ಇದೆ ಎಂದ. ಅದು ಊಟ ಬಡಿಸುವುದೇ ಹೊರತು ಲೆಕ್ಕ ಮಾಡುವುದಿಲ್ಲ ಎಂದಳು ರಾಜಕುಮಾರಿ. ಅವನನ್ನೂ ಎಳೆದೊಯ್ದರು.

ಮೂರನೆಯ ಸಲ ಬಾಗಿಲು ತೆರೆದಾಗ ಒಳಗೆ ಬಂದವಳು ಹತ್ತನೇ ಕ್ಲಾಸಿನ ಸಿದ್ಲಿಂಗಿ, ಚಾಪೆ ಹೆಣೆಯುವವರ ಮಗಳು. ಜೊಂಡು ಸೀಳಿ ಸೀಳಿ ಬೆರಳ ತುಂಬ ಗಾಯದ ಗೆರೆ. ಹೊರಟುಹೋಗು ಎಂದು ಮೇಷ್ಟ್ರಿಗೆ ಕೂಗಬೇಕೆನಿಸಿತು. ಕೂಗಿದರೆ ಅವಳೇ ಸಾಯುತ್ತಾಳೆ. ಹಲ್ಲು ಕಚ್ಚಿ ನಿಂತರು.

ಅವಳು ಮೊದಲನೆಯದಕ್ಕೆ ರ‍್ಯಾಮ್ ಎಂದಳು. ಕರೆಂಟು ಇರುವಷ್ಟು ಹೊತ್ತೇ ನೆನಪಿಡುವ ಆ ಪಟ್ಟಿಯನ್ನು ಕಿತ್ತಾಗ ಯಂತ್ರ ಮೂರು ಸಲ ಕೂಗಿಕೊಂಡಿತ್ತಂತೆ; ರಬ್ಬರಿನಿಂದ ಉಜ್ಜಿ ಮತ್ತೆ ಒತ್ತಿ ಕೂರಿಸಿದ ಮೇಲೆ ಎದ್ದಿತಂತೆ. ಕರೆಂಟು ಹೋದಾಗ, ಉಳಿಸದೆ ಬಿಟ್ಟ ಅವಳ ಪ್ರಬಂಧವೂ ಹೋಯಿತಂತೆ. ಎರಡನೆಯದಕ್ಕೆ ಪ್ರೊಸೆಸರ್ ಎಂದು ಬೆರಳಿನ ಕಲೆ ತೋರಿಸಿದಳು. ಫ್ಯಾನ್ ಕೂರಿಸಲು ಮರೆತ ದಿನ ಯಂತ್ರ ಎರಡು ನಿಮಿಷಕ್ಕೆ ಆರಿಹೋಗಿತ್ತು, ಮುಟ್ಟಿ ನೋಡಿದವಳ ಬೆರಳು ಸುಟ್ಟಿತ್ತು.

"ಮನೆಯಲ್ಲೆಲ್ಲ ಚಿಕ್ಕವನು ಕಾವಲುಗಾರ," ಎಂದಳು ರಾಜಕುಮಾರಿ. "ಎಲ್ಲರೂ ದೀಪ ಆರಿಸಿ ಮಲಗಿದರೂ ಇವನೊಬ್ಬ ಎಚ್ಚರ. ಇವನು ಸತ್ತರೆ ಏನೂ ಕಳವಾಗುವುದಿಲ್ಲ. ಆದರೆ ಎದ್ದ ಮನೆಗೆ ಇಂದು ಯಾವ ದಿನವೆಂದು ತಿಳಿಯುವುದಿಲ್ಲ."

ಮೇಷ್ಟ್ರು ಒಂದೊಂದೇ ಭಾಗವನ್ನು ನೆನೆದರು. ಯಾವುದೂ ಹೊಂದಲಿಲ್ಲ. ಇದು ತಾನು ಕಲಿಸದ ಪಾಠ, ತನಗೇ ತಿಳಿಯದ ಪಾಠ. ಮಾತಾಡಲು ಬಿಟ್ಟಿದ್ದರೂ ಕೊಡಲು ತನ್ನ ಬಳಿ ಏನೂ ಇಲ್ಲ.

ಸಿದ್ಲಿಂಗಿ ತಲೆ ತಗ್ಗಿಸಿ ಹೇಳಿದಳು: "ಬೆಳ್ಳಿ ಬಿಲ್ಲೆಯ ಹಾಗಿರುವ ಸೆಲ್ಲು, ಅಮ್ಮಣ್ಣಿಯವರೇ."

"ಯಾರು ಕಲಿಸಿದರು?"

"ಯಾರೂ ಇಲ್ಲ. ಅದನ್ನು ಮಾತ್ರ ಮುಟ್ಟಬೇಡಿ ಅಂದಿದ್ದರು ಮೇಷ್ಟ್ರು. ಅವರು ಹೊರಗೆ ಹೋದಾಗ ಉಗುರಿನಿಂದ ಎಬ್ಬಿಸಿ ತೆಗೆದೆ. ಯಂತ್ರ ಎದ್ದಾಗ ಹದಿನೈದು ವರ್ಷ ಹಿಂದಿನ ತಾರೀಖು ತೋರಿಸಿತು. ಹೆದರಿ ವಾಪಸ್ಸು ಕೂರಿಸಿ ಗಡಿಯಾರ ಸರಿಮಾಡಿದೆ. ಅವರಿಗೆ ಹೇಳಲಿಲ್ಲ. ತಪ್ಪಾಯಿತು ಮೇಷ್ಟ್ರೇ."

ಮೂರೂ ಸರಿ ಎಂದಳು ರಾಜಕುಮಾರಿ. ಹಗ್ಗ ಬಿಚ್ಚಿದರು. ಮೇಷ್ಟ್ರ ಕೈಗಳು ಮರಗಟ್ಟಿದ್ದವು, ಮುಗಿಯಲೂ ಆಗಲಿಲ್ಲ.

ಅರಸರು ವರ ಕೇಳೆಂದರು. ಶಾಲೆಯ ಆ ಗಾಜಿನ ಬೀರುಗಳ ಬೀಗ ತೆಗೆಸುವುದು ಅವಳ ಆಸೆಯೆಂದು ಮೇಷ್ಟ್ರಿಗೆ ಗೊತ್ತಿತ್ತು. ಸಿದ್ಲಿಂಗಿ ಪಂಡಿತನನ್ನೂ ವರ್ತಕನನ್ನೂ ಬಿಡಿಸಿ, ಬೀರುಗಳನ್ನೂ ತೆರೆಸಿ ಎಂದಳು. ವರ ಒಂದೇ ಎಂದರು ಅರಸರು. ಅವಳು ಮೇಷ್ಟ್ರ ಕಡೆ ನೋಡಿದಳು. "ಹಾಗಾದರೆ ಆ ಇಬ್ಬರನ್ನು ಬಿಡಿ," ಎಂದು ಅತ್ತುಬಿಟ್ಟಳು.

ಬೀಗಗಳು ಹಾಗೇ ಉಳಿದವು. ಆದರೆ ಮಾರನೆಯ ವಾರ ರಾಜಕುಮಾರಿಯ ಸ್ವಂತ ಯಂತ್ರ ಎತ್ತಿನ ಗಾಡಿಯಲ್ಲಿ ಶಾಲೆಗೆ ಬಂತು, ಜೊತೆಗೊಂದು ತಿರುಪುಳಿ. ಕಾಳಪ್ಪ ಮೇಷ್ಟ್ರು ಮಕ್ಕಳೆದುರು ನಿಂತು, ಆ ಬಿಲ್ಲೆ ಏನೆಂದು ನನಗೆ ತಿಳಿದಿರಲಿಲ್ಲ, ಅದಕ್ಕೇ ಮುಟ್ಟಬೇಡಿ ಎಂದಿದ್ದೆ ಎಂದು ಒಪ್ಪಿಕೊಂಡರು. ತಿರುಪುಳಿಯನ್ನು ಸಿದ್ಲಿಂಗಿಯ ಕೈಗಿಟ್ಟು ಹಿಂದಿನ ಬೆಂಚಿನಲ್ಲಿ ಕೂತರು. ಅಲ್ಲಿ ಆಗಲೇ ಪಂಡಿತನೂ ವರ್ತಕನೂ ಮೊಣಕಾಲು ಮಡಿಸಿ ಕೂತಿದ್ದರು. ಪಂಡಿತನ ಸರದಿ ಬಂದಾಗ ಅವನು ಮೊದಲ ತಿರುಪನ್ನೇ ಕೆಳಗೆ ಬೀಳಿಸಿದ, ಮೂವರೂ ಬೆಂಚಿನಡಿ ತೂರಿ ಹುಡುಕಿದರು.