ಬಿಳಿಬಂಡೆಯ ಬಿಸಿಲು

ಬಿದಿರೆಲ್ಲ ಹೂಬಿಟ್ಟು ಒಣಗಿಹೋಗಿದ್ದ ಒಂದು ಕಾಡಿನಲ್ಲಿ ಕೆಂಚವ್ವ ಎಂಬ ಹಂದಿ ಇದ್ದಳು. ಅವಳದು ತೆಳುಗೂದಲಿನ, ಬಿಳಿಚಿದ ಮೈ. ಅವಳ ತಮ್ಮ ದುಗ್ಗನದೂ ಅಂಥದೇ ಮೈ. ಬಿದಿರು ಸತ್ತ ಮೇಲೆ ಆ ಕಾಡಿನಲ್ಲಿ ದಟ್ಟ ನೆರಳು ಉಳಿದದ್ದು ಹಳ್ಳದ ಪಕ್ಕದ ನೇರಳೆ ಮರಗಳ ಕೆಳಗೆ ಮಾತ್ರ. ಮಧ್ಯಾಹ್ನವಾದರೆ ಹಂದಿಗಳೆಲ್ಲ ಅಲ್ಲಿಯ ಕೆಸರಿನಲ್ಲಿ ಹೊರಳಾಡಿ ತಂಪಾಗಿ ಮಲಗುತ್ತಿದ್ದವು.

ಆ ಕೆಸರಿನಲ್ಲಿ ಏಡಿಗಳಿದ್ದವು. ಅವುಗಳ ಮೇಲೆ ಗುಳ್ಳಪ್ಪ ಎಂಬ ನರಿಯ ಕಣ್ಣು ಬಿದ್ದಿತ್ತು. ಆದರೆ ಹಂದಿಗಳಿರುವಾಗ ಅಲ್ಲಿಗೆ ಕಾಲಿಡಲು ಅವನಿಗೆ ಧೈರ್ಯವಿರಲಿಲ್ಲ.

ಒಂದು ದಿನ ಹಳ್ಳದಲ್ಲಿದ್ದ ಮುದಿ ಆಮೆ, ಆಮೆಜ್ಜಿ, ಮರಿಹಂದಿಗಳಿಗೆ ಮೈಯೊಳಗಿನ ಸಂಗತಿ ಹೇಳುತ್ತಿದ್ದಳು. "ನಮ್ಮ ಮೈ ಲೆಕ್ಕವಿಲ್ಲದಷ್ಟು ಜೀವಕೋಶಗಳಿಂದ ಆಗಿದೆ. ಒಂದೊಂದರೊಳಗೂ ಡಿಎನ್‌ಎ ಎಂಬ ಜೋಡಿ ಎಳೆಯಿದೆ. ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬುದೆಲ್ಲ ಅದರಲ್ಲೇ ಬರೆದಿದೆ. ಬಿಸಿಲು ಆ ಬರಹವನ್ನು ಕೆಡಿಸುತ್ತದೆ. ಆಗ ಒಳಗಿರುವ ರಿಪೇರಿಯವರು ಕೆಟ್ಟ ತುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಎದುರಿನ ಎಳೆಯನ್ನು ನೋಡಿಕೊಂಡು ಅಲ್ಲಿ ಹೊಸದನ್ನು ಕೂಡಿಸುತ್ತಾರೆ."

ಪೊದೆಯ ಹಿಂದಿದ್ದ ಗುಳ್ಳಪ್ಪ ಇಷ್ಟನ್ನು ಕೇಳಿದ. ಮುಂದಿನದು ಅವನಿಗೆ ಬೇಕಿರಲಿಲ್ಲ.

ಮರುದಿನವೇ ಅವನು ದುಗ್ಗನ ಹತ್ತಿರ ಬಂದ.

"ಅಲ್ಲಪ್ಪಾ, ಎಷ್ಟು ದಿನ ಅಂತ ಈ ಕೆಸರಿನಲ್ಲಿ ಬಿದ್ದಿರುತ್ತೀರಿ? ಮೇಲೆ ಬಿಳಿಬಂಡೆ ಇದೆ. ಬಿಸಿಲು ಕಾಯಿಸಿಕೊಂಡರೆ ಮೈ ಕಬ್ಬಿಣದ ಹಾಗೆ ಆಗುತ್ತದೆ."

"ಬಿಸಿಲು ನಮ್ಮ ಮೈಗೆ ಆಗುವುದಿಲ್ಲ ಗುಳ್ಳಣ್ಣ," ಎಂದ ದುಗ್ಗ.

"ಆಗದಿದ್ದರೇನು? ರಿಪೇರಿಯವರು ಒಳಗೇ ಇದ್ದಾರಲ್ಲ! ಆಮೆಜ್ಜಿಯೇ ಹೇಳಿದ್ದು. ಬೇಕಾದರೆ ನಾನೂ ನಿನ್ನ ಜೊತೆ ಮಲಗುತ್ತೇನೆ."

ದುಗ್ಗನಿಗೆ ಮಾತು ಸರಿಯೆನ್ನಿಸಿತು. ಕೆಂಚವ್ವನಿಗೆ ಅನ್ನಿಸಲಿಲ್ಲ. ಅವಳು ನೇರವಾಗಿ ಆಮೆಜ್ಜಿಯನ್ನು ಕೇಳಿದಳು.

"ಅವನು ಹೇಳಿದ್ದು ಅರ್ಧ ಮಾತು ತಾಯಿ," ಎಂದಳು ಆಮೆಜ್ಜಿ. "ರಿಪೇರಿಯವರು ಇರುವುದು ನಿಜ. ಆದರೆ ದಿನವೂ ಅವರ ಕೈಮೀರಿ ಕೆಡಿಸಿದರೆ ಕೆಲವು ತಪ್ಪುಗಳು ಹಾಗೇ ಉಳಿಯುತ್ತವೆ. ತೀರಾ ಕೆಟ್ಟ ಜೀವಕೋಶ ಎಷ್ಟೋ ಸಲ ತಾನಾಗಿಯೇ ಸಾಯುತ್ತದೆ, ಉಳಿದವಕ್ಕೆ ಕೇಡಾಗುವುದು ತಪ್ಪುತ್ತದೆ. ಯಾವುದೋ ಒಂದು ಸಾಯದೆ, ನಿಲ್ಲುವುದನ್ನು ಮರೆತು ಬೆಳೆಯುತ್ತಲೇ ಹೋಯಿತೆನ್ನು. ಅದೇ ವಾಸಿಯಾಗದ ಹುಣ್ಣು."

ಕೆಂಚವ್ವ ಓಡಿಹೋಗಿ ತಮ್ಮನಿಗೆ ಎಲ್ಲವನ್ನೂ ಹೇಳಿದಳು. ಅವನು ನಕ್ಕುಬಿಟ್ಟ. "ಗುಳ್ಳಣ್ಣನೂ ಮಲಗುತ್ತಾನಲ್ಲಕ್ಕ, ಅವನಿಗೆ ಜೀವದ ಮೇಲೆ ಆಸೆಯಿಲ್ಲವೇ?"

ಒಂದೊಂದಾಗಿ ಉಳಿದ ಹಂದಿಗಳೂ ಬಂಡೆ ಹತ್ತಿದವು. ಕೆಂಚವ್ವ ಮಾತ್ರ ಮರಿಗಳನ್ನು ಕಟ್ಟಿಕೊಂಡು ನೇರಳೆಯ ಕೆಳಗೇ ಉಳಿದಳು. ಮರಿಗಳಿರುವ ಹಂದಿಯ ಮುಂದೆ ನಿಲ್ಲುವುದು ನರಿಯಿಂದ ಆಗುವ ಮಾತಲ್ಲ. ಹೀಗಾಗಿ ಅವಳನ್ನೂ ನಂಬಿಸಲೇಬೇಕೆಂದು ಗುಳ್ಳಪ್ಪ ದಿನವೂ ಅವಳಿಗೆ ಕಾಣುವ ಹಾಗೆ ಬಂಡೆಯ ತುದಿಯಲ್ಲಿ ಮೂಗು ಮೇಲೆತ್ತಿ ಮಲಗತೊಡಗಿದ.

ಒಂದು ಬೇಸಿಗೆ ಕಳೆಯಿತು. ಯಾರಿಗೂ ಏನೂ ಆಗಲಿಲ್ಲ. ಎರಡನೆಯದೂ ಕಳೆಯಿತು.

"ನೋಡಿದೆಯಾ ಅಕ್ಕ?" ಎಂದ ದುಗ್ಗ. ತಾನೇ ತಪ್ಪು ತಿಳಿದೆನೋ ಎಂದು ಕೆಂಚವ್ವನಿಗೂ ಒಂದೊಂದು ಸಲ ಅನ್ನಿಸುತ್ತಿತ್ತು.

ನಾಲ್ಕನೆಯ ಬೇಸಿಗೆಯಲ್ಲಿ ದುಗ್ಗ ಅಕ್ಕನ ಎದುರು ತಲೆ ಓರೆಮಾಡಿಕೊಂಡು ನಿಲ್ಲತೊಡಗಿದ. ಅವಳು ಬಳಸಿ ಹೋಗಿ ನೋಡಿದಳು. ಕಿವಿಯ ಹಿಂದೆ ಅಂಗೈಯಗಲದ ಹುಣ್ಣು.

"ಇದೆಷ್ಟು ದಿನದಿಂದ?"

"ಹೋದ ಮಳೆಗಾಲದಿಂದ. ಮುಳ್ಳು ಗೀರಿತ್ತು ಅಂದುಕೊಂಡೆ, ಅಕ್ಕ. ತಾನಾಗೇ ವಾಸಿಯಾಗುತ್ತದೆ ಅಂತ..."

ಅವಳು ಅವನನ್ನು ಆಮೆಜ್ಜಿಯ ಬಳಿಗೆ ಕರೆದೊಯ್ದಳು. ಆಮೆಜ್ಜಿ ಬಹಳ ಹೊತ್ತು ನೋಡಿದಳು. "ಸಾಸಿವೆಯಷ್ಟಿದ್ದಾಗಲೇ ತೋರಿಸಬೇಕಿತ್ತು, ಮಗಾ," ಎಂದಷ್ಟೇ ಹೇಳಿದಳು.

ಮೊದಲ ಮಳೆ ಬೀಳುವ ಮುಂಚೆಯೇ ದುಗ್ಗ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನು ನೆರಳಿನಲ್ಲೇ ಮಲಗಿದ್ದ. ಕೆಂಚವ್ವ ಬಾಯಲ್ಲಿ ಕೆಸರು ತಂದು ತಂದು ಅವನ ಬೆನ್ನಿಗೆ ಹಚ್ಚಿದಳು.

ಕೆಲವು ದಿನಗಳ ಮೇಲೆ ಗುಳ್ಳಪ್ಪ ಎಡವುತ್ತ ಬಂದ. ಕೂದಲಿಲ್ಲದ ಅವನ ಮೂಗಿನ ತುದಿಯಲ್ಲಿ ಒಂದು ಹುಣ್ಣು ಬಾಯಿಬಿಟ್ಟಿತ್ತು. ಅವನಿಗೆ ವಾಸನೆಯೇ ಹತ್ತುತ್ತಿರಲಿಲ್ಲ. ಬೇಟೆ ಸಿಗದೆ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು.

"ಕೆಂಚಕ್ಕ, ನನ್ನನ್ನು ಉಳಿಸಿ. ಏಡಿಯ ಆಸೆಗೆ ನಿಮ್ಮನ್ನೆಲ್ಲ ಬಂಡೆ ಹತ್ತಿಸಿದೆ. ನೀವೊಬ್ಬರು ಬರಲಿಲ್ಲ. ನಿಮಗೆ ತೋರಿಸಲಿಕ್ಕೆಂದೇ ನಾಲ್ಕು ಬೇಸಿಗೆ ಸುಟ್ಟುಕೊಂಡೆ."

ಕೆಂಚವ್ವ ಹಲ್ಲು ಮಸೆದು ಒಂದು ಹೆಜ್ಜೆ ಮುಂದಿಟ್ಟಳು. ಆ ಮೂಗನ್ನು ಕಂಡು ಹಾಗೆಯೇ ನಿಂತಳು.

"ನಿನ್ನ ಏಡಿಗಳು ಅಲ್ಲೇ ಇವೆ. ಹೋಗಿ ಹಿಡಿದುಕೋ," ಎಂದಳು.

ಅವನು ಕೆಸರಿಗಿಳಿದು ಸಂಜೆಯವರೆಗೂ ಕೆದಕಿದ. ಒಂದು ಏಡಿಯೂ ಅವನ ಮೂಗಿಗೆ ತಿಳಿಯಲಿಲ್ಲ. ಅವನು ಕಾಲೆಳೆಯುತ್ತ ಕಾಡಿನೊಳಗೆ ಹೋದ. ಆಮೇಲೆ ಅವನನ್ನು ಯಾರೂ ಕಾಣಲಿಲ್ಲ.

ಅವನು ಹೇಳಿದ್ದನ್ನು ಮೇಲಿನಿಂದಲೇ ಕೇಳಿದ್ದ ಹಂದಿಗಳು ಬಂಡೆಯಿಂದ ತಲೆತಗ್ಗಿಸಿಕೊಂಡು ಇಳಿದು ಬಂದವು. ಒಬ್ಬೊಬ್ಬರೇ ಬಂದು ಆಮೆಜ್ಜಿಗೆ ಮೈ ತೋರಿಸಿದರು.

ಎಲ್ಲರೂ ಮಲಗಿದ ಮೇಲೆ ಕೆಂಚವ್ವ ಕೇಳಿದಳು, "ಅಜ್ಜಿ, ನನ್ನ ತಮ್ಮನ ಒಳಗಿದ್ದ ಆ ರಿಪೇರಿಯವರು ಅವನ ಕೈಬಿಟ್ಟರೇ?"

"ಇಲ್ಲ ತಾಯಿ," ಎಂದಳು ಆಮೆಜ್ಜಿ. "ಕೊನೆಯವರೆಗೂ ಅವರು ದುಡಿದರು. ಅವರ ಕೈಬಿಟ್ಟವನು ನಿನ್ನ ತಮ್ಮನೇ."

ನೀತಿ: ಕೆಟ್ಟದ್ದನ್ನು ಸರಿಪಡಿಸಿಕೊಳ್ಳುವ ಶಕ್ತಿ ಮೈಗೆ ಇದೆ, ಆದರೆ ಅದಕ್ಕೂ ಮಿತಿಯಿದೆ, ಆ ಶಕ್ತಿಯನ್ನು ಕಾಪಾಡಿಕೊಳ್ಳಬೇಕು, ಅದನ್ನು ನಂಬಿ ಮೈ ಕೆಡಿಸಿಕೊಳ್ಳಬಾರದು.