ಹುಲಿಗೆವ್ವ ಹುಟ್ಟು ಎತ್ತಿದ್ದು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ. ನಮ್ಮಜ್ಜನಿಗೆ ಅವನ ಅಜ್ಜ ಹೇಳಿದಾಗಲೂ ಅದು ಬಹಳ ಹಿಂದಿನ ಮಾತೇ ಆಗಿತ್ತಂತೆ. ಹೊಳೆಯ ದಂಡೆಗೆ ಒಂದು ಊರಿತ್ತು, ಕಡವಿನಹಾಳ ಅಂತ. ಹೌದು, ನಮ್ಮದೇ ಊರು. ಆ ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಅಂಬಿಗರ ಹೆಂಗಸಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಹರಿಗೋಲಿಗೆ ತಾನೇ ಹುಟ್ಟು ಹಾಕುತ್ತಿದ್ದಳು. ಆಚೆ ದಂಡೆಯ ಊರಿನವರು ಅದು ಹೆಂಗಸಲ್ಲ, ಗಂಡಸು ಅನ್ನುತ್ತಾರೆ. ನಂಬಬೇಡಿ, ಅವರಿಗೆ ಹೊಟ್ಟೆಯುರಿ.

ಕಡವಿನಹಾಳದ ಹರಿಗೋಲುಗಳೆಂದರೆ ನಾಲ್ಕೂ ದಿಕ್ಕಿಗೆ ಹೆಸರು. ಬಿದಿರು ಹೆಣೆದು, ಕೋಣನ ತೊಗಲು ಹೊದಿಸಿ, ಎಣ್ಣೆ ಕುಡಿಸಿ ಮಾಡುತ್ತಿದ್ದರು. ಎಮ್ಮೆ ಹತ್ತಿಸಿದರೂ ಅಲುಗುತ್ತಿರಲಿಲ್ಲವಂತೆ. ಕಾಲ ನೆಟ್ಟಗಿದ್ದಾಗ ಆ ಊರಿನವರು ಹೊಳೆಗೆ ಕೈಮುಗಿಯದೆ ನೀರಿಗೆ ಕಾಲಿಡುತ್ತಿರಲಿಲ್ಲ.

ಆಮೇಲೆ ಕೆಟ್ಟ ಕಾಲ ಬಂತು. ಆಳುವವರು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಕುದುರೆ ದಂಡು ಬರುತ್ತದೆ, ಊರು ಸುಡುತ್ತದೆ, ದನ ಜನ ಹೊಡೆದುಕೊಂಡು ಹೋಗುತ್ತದೆ ಅಂತ ಸುದ್ದಿ. ಊರಿನ ಗೌಡ ಬಸಲಿಂಗಪ್ಪ ಕೆಟ್ಟವನಲ್ಲ, ಆದರೆ ಅಂಜಿದ್ದ. ಅಂಜಿದವನಿಗೆ ಅವತ್ತು ಮಾರೆಪ್ಪ ಪೈಲ್ವಾನನ ತೋಳು ಬಿಟ್ಟು ಬೇರೇನೂ ಕಾಣಲಿಲ್ಲ. ನಮಗೆ ಮಾರೆಪ್ಪನಿದ್ದಾನೆ, ಅವನ ಗರಡಿ ಹುಡುಗರಿದ್ದಾರೆ, ಗುರಾಣಿ ಒಂದಿದ್ದರೆ ಯಾವ ದಂಡು ಏನು ಮಾಡೀತು ಅಂದ. ಗುರಾಣಿಗೆ ತೊಗಲು ಎಲ್ಲಿಂದ ತರುವುದು? ಹರಿಗೋಲುಗಳಿಗಿತ್ತಲ್ಲ! ಎಲ್ಲ ಬಿಚ್ಚಿ ಅಂದ.

ಬಿಚ್ಚಿದರು. ಬಾಳೆಯ ಸಿಪ್ಪೆ ಸುಲಿದ ಹಾಗೆ ಸುಲಿದರು ಅಂತಾರೆ. ಬರಿಯ ಬಿದಿರ ಬುಟ್ಟಿಗಳು ದಂಡೆಯ ಮೇಲೆ ಬೋರಲು ಬಿದ್ದವು. ಹುಲಿಗೆವ್ವನ ಬಾಗಿಲಿಗೂ ಗೌಡ ಹೋದ. ಆಕೆ ತನ್ನ ಹರಿಗೋಲಿನ ಮುಂದೆ ನಿಂತಳು.

"ಇದು ನಂದಲ್ರೀ ಗೌಡ್ರ, ಶಿವಂದು. ಆತ ಬಂದು ಕೇಳಿದ್ರ ಕೊಡ್ತೀನಿ."

"ಏನ್ಬೇ ಹುಲಿಗೆವ್ವ, ನಿನ್ನ ಶಿವ ಕತ್ತಿ ತಡೀತಾನೇನು?"

"ತಡೀತಾನೋ, ದಾಟಿಸ್ತಾನೋ, ಅದು ಆತಗ ಬಿಟ್ಟದ್ದು."

ಊರೆಲ್ಲ ನಕ್ಕಿತಂತೆ. ಮುದುಕಿಗೆ ತಲೆ ಕೆಟ್ಟಿದೆ ಅಂತ ಬಿಟ್ಟು ಹೋದರು. ಆಕೆ ಮಾತ್ರ ದಿನಾ ತೊಗಲಿಗೆ ಎಣ್ಣೆ ಹಚ್ಚಿದಳು, ಹುಟ್ಟು ತೊಳೆದಿಟ್ಟಳು, ಹೊಳೆಗೆ ಕೈಮುಗಿದು ಮನೆಗೆ ಬಂದು ಉಂಡು ಮಲಗಿದಳು. ಊರಲ್ಲಿ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದವಳು ಅವಳೊಬ್ಬಳೇ ಅಂತಾರೆ.

ಈಗ ನೋಡಿ ತಮಾಷೆ. ವರ್ಷಗಟ್ಟಲೆ ನೀರಲ್ಲಿದ್ದ ತೊಗಲು ಬಿಸಿಲಿಗೆ ಬಂದರೆ ಏನಾಗುತ್ತದೆ? ಅಂಬಿಗರ ಕೂಸಿಗೂ ಗೊತ್ತು. ಆದರೆ ಅಂಜಿಕೆ ಹೊಕ್ಕ ತಲೆಯಲ್ಲಿ ಗೊತ್ತಿದ್ದದ್ದೂ ಉಳಿಯುವುದಿಲ್ಲ. ಗುರಾಣಿಗಳೆಲ್ಲ ಹಪ್ಪಳದ ಹಾಗೆ ಮುರುಟಿ, ಬಿರುಕು ಬಿಟ್ಟವು. ದಂಡು ಬಂದ ದಿನ ಮಾರೆಪ್ಪ ಒಂದನ್ನು ಎತ್ತಿ ಹಿಡಿದರೆ ಅದು ಅವನ ಕೈಯಲ್ಲೇ ಎರಡು ಹೋಳಾಯಿತಂತೆ. ಬಡಗಣ ಬಯಲಿನಲ್ಲಿ ಧೂಳೆದ್ದದ್ದು ನೋಡಿ ಜನ ಗುರಾಣಿ ಬಿಸಾಕಿ ಹೊಳೆಗೆ ಓಡಿದರು. ಹೊಳೆ ಇನ್ನೂ ಇಳಿದಿರಲಿಲ್ಲ, ಕೆಂಪಗೆ ಭೋರ್ಗರೆಯುತ್ತಿತ್ತು. ದಾಟೋಣ ಅಂದರೆ ಬರಿಯ ಬಿದಿರಿನ ಬುಟ್ಟಿಗಳು. ಹಿಂದೆ ಕುದುರೆ, ಮುಂದೆ ನೀರು. ನಮ್ಮ ವಂಶ ಅವತ್ತು ಅಲ್ಲಿಗೇ ಮುಗಿಯಬೇಕಿತ್ತು.

ನೀರ ಅಂಚಿಗೆ ಹುಲಿಗೆವ್ವ ಸೆರಗು ಕಟ್ಟಿ ನಿಂತಿದ್ದಳು. ಅವತ್ತು ನನ್ನ ನೋಡಿ ನಕ್ಕಿರಲ್ಲ ಅಂತ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಮೊದಲು ಕೂಸಿನವರು ಹತ್ತಿರಿ ಅಂದಳಷ್ಟೇ. ಒಯ್ದಳು, ಬಂದಳು. ಮತ್ತೆ ಒಯ್ದಳು, ಮತ್ತೆ ಬಂದಳು. ದೇವರಿದ್ದಾನೆ ಅಂತ ಕೈಕಟ್ಟಿ ಕೂತವಳಲ್ಲ ಅವಳು, ಕೇಳಿಸಿಕೊಳ್ಳಿ. ಅಂಗೈಯ ಚರ್ಮ ಸುಲಿದು ಹುಟ್ಟಿನ ಹಿಡಿ ಕೆಂಪಾಗಿತ್ತು ಅಂತಾರೆ.

ಕಡೆಯ ಸಲ ಗೌಡ, ಮಾರೆಪ್ಪ, ಗರಡಿಯ ಹುಡುಗರು ಹತ್ತಿದರು. ದಂಡು ಆಗಲೇ ಊರೊಳಗೆ ಹೊಕ್ಕು ಮನೆಗಳಿಗೆ ಬೆಂಕಿ ಹಚ್ಚಿತ್ತು. ನಡುಹೊಳೆಯಲ್ಲಿ ಒಂದು ಸುಳಿಯಿದೆ, ಈಗಲೂ ಇದೆ. ಹರಿಗೋಲು ಅದಕ್ಕೆ ಸಿಕ್ಕಿತು. ಮುದುಕಿಯ ತೋಳು ಸೋತಿದೆ ಅಂದುಕೊಂಡ ಮಾರೆಪ್ಪ ಹುಟ್ಟು ಕಸಿದುಕೊಂಡ. ಎಂಥ ತೋಳು ಅವನದು! ಎಳೆದ, ಎಳೆದ. ಅವನು ಎಳೆದಷ್ಟೂ ಹರಿಗೋಲು ಗಾಣದ ಹಾಗೆ ತಿರುಗಿತು. ಅಂಚಿನಿಂದ ನೀರು ಒಳಗೆ ಬಂತು.

"ಹುಟ್ಟು ಎತ್ತೋ ಮಾರ್ಯಾ!" ಅಂದಳು ಹುಲಿಗೆವ್ವ.

"ಎತ್ತಿದ್ರ ಮುಳುಗ್ತೀವಿ ಬೇ!"

ಆಗ ಗೌಡ ಬಸಲಿಂಗಪ್ಪನೇ ಮಾರೆಪ್ಪನ ಕೈ ಹಿಡಿದ. "ಕೊಡೋ ತಮ್ಮ, ಆಕಿಗೆ ಕೊಡು. ನನ್ನ ಬುದ್ಧಿ, ನಿನ್ನ ತೋಳು, ಎರಡೂ ನೋಡಿದ್ದಾತಲ್ಲ" ಅಂದನಂತೆ. ಗೌಡಕಿಯಲ್ಲಿ ಅವನು ಆಡಿದ ದೊಡ್ಡ ಮಾತು ಅದೇ ಅಂತ ನಾನು ಅಂದುಕೊಂಡಿದ್ದೇನೆ.

ಹುಲಿಗೆವ್ವ ಹುಟ್ಟನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದಳು. "ಶಿವನೇ, ನನ್ನ ತೋಳು ಇಲ್ಲೀತನಕ. ಇನ್ನ ನಿಂದು" ಅಂದಳು. ಪೈಲ್ವಾನರೂ ಗೌಡನೂ ಬರಿಗೈ ಚಾಚಿ ಕಣ್ಣು ಮುಚ್ಚಿದರು. ಹೊಳೆ ಉಸಿರು ಹಿಡಿದು ನಿಂತಿತು ಅಂತ ಕೆಲವರು ಅಂತಾರೆ. ಕೆಳಗಿನಿಂದ ಯಾರೋ ಅಂಗೈಯಲ್ಲಿ ಎತ್ತಿದ ಹಾಗಾಯಿತು ಅಂತ ಮಾರೆಪ್ಪ ಸಾಯುವತನಕ ಹೇಳುತ್ತಿದ್ದನಂತೆ. ಸುಳಿ ಒಂದು ಸುತ್ತು ಮೆಲ್ಲಗೆ ತಿರುಗಿಸಿ, ಹರಿಗೋಲನ್ನು ಆಚೆ ದಂಡೆಯ ಕಡೆಗೆ ಜಾರಿಸಿಬಿಟ್ಟಿತು.

ಊರು ಸುಟ್ಟಿತು. ಸುಳ್ಳು ಯಾಕೆ ಹೇಳಲಿ, ಒಂದು ಮನೆಯೂ ಉಳಿಯಲಿಲ್ಲ. ಆದರೆ ಆಚೆ ದಂಡೆಯಲ್ಲಿ ತಲೆ ಎಣಿಸಿದರೆ ಒಂದು ಜೀವ ಕಡಿಮೆ ಇರಲಿಲ್ಲ! ಅಷ್ಟು ಊರುಗಳು ಆ ದಂಡಿಗೆ ಸಿಕ್ಕವು, ಹೀಗೆ ಹೇಳುವ ಊರು ಯಾವುದಿದೆ ಹೇಳಿ? ಆಮೇಲೆ ಗೌಡ ಗುಡಿ ಕಟ್ಟಿಸುತ್ತೇನೆ ಅಂದರೆ, ಮೊದಲು ಹರಿಗೋಲಿಗೆ ತೊಗಲು ಹೊದಿಸಿ ಅಂದಳಂತೆ. ಹುಲಿಗೆವ್ವ ಎಲ್ಲರ ಹಾಗೆ ಹಣ್ಣು ಹಣ್ಣು ಮುದುಕಿಯಾಗಿ, ಜ್ವರ ಬಂದು ಸತ್ತಳು. ಮಾಯವಾದಳು ಅನ್ನುವವರ ಮಾತು ನನಗೆ ಬೇಕಿಲ್ಲ. ನಮ್ಮ ಹಾಗೆ ಸಾಯುವವಳೇ ಅವತ್ತು ಹುಟ್ಟು ಎತ್ತಿದಳು ಅನ್ನುವುದೇ ನನಗೆ ಹೆಮ್ಮೆ.

ಈಗ ಹೊಳೆಗೆ ಸೇತುವೆಯಾಗಿದೆ, ಬಸ್ಸು ಓಡುತ್ತದೆ. ಬಸ್ಸು ಆ ಸುಳಿಯ ಮೇಲೆ ಬಂದಾಗ ನಮ್ಮೂರಿನವರು ಕೂತಿರಲಿ, ನಿಂತಿರಲಿ, ಹಿಡಿದ ಕಂಬಿ ಬಿಟ್ಟು ಒಂದು ಉಸಿರಿನಷ್ಟು ಹೊತ್ತು ಎರಡೂ ಅಂಗೈ ಚಾಚುತ್ತಾರೆ. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳೂ ತವರಿಗೆ ಬರುವಾಗ ಚಾಚುತ್ತಾರೆ, ಕಂಕುಳ ಕೂಸಿನ ಕೈಯನ್ನೂ ಬಿಡಿಸಿ ಚಾಚಿಸುತ್ತಾರೆ. ಹೋದ ವರ್ಷ ಹೊಸ ಕಂಡಕ್ಟರ್ ಒಬ್ಬ ಗಾಬರಿಯಾಗಿ, "ಹಿಡ್ಕೊಳ್ರೀ, ಬೀಳ್ತೀರಿ!" ಅಂತ ಕೂಗಿದ. ಕೈ ಚಾಚಿಕೊಂಡೇ ನಿಂತಿದ್ದ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಅವನ ಕಡೆ ತಿರುಗಿಯೂ ನೋಡದೆ ಅಂದಳು:

"ಆತ ಹಿಡ್ಕೊಂಡಾನ ತಮ್ಮ, ನೀ ಸುಮ್ನಿರು."