ಕುಂಬಾರ ಹುಳದ ಸಿಮೆಂಟು ಗೂಡು

ನಮ್ಮ ಹಿತ್ತಲ ಗೋಡೆಗೆ ಮಣ್ಣು ಮೆತ್ತಲು ಬಂದಿದ್ದ ಗೋಡೆ ಕೆಲಸದ ತಿರುಕಪ್ಪನವರು ಈ ಕಥೆಯನ್ನು ನನಗೆ ಮೊದಲು ಹೇಳಿದರು.

ಒಂದು ಕುಂಬಾರ ಹುಳಕ್ಕೆ ಮೊಟ್ಟೆಯಿಡುವ ಕಾಲ ಬಂತು. ಹೋದ ವರ್ಷ ಬಯಲ ಗೋಡೆಯ ಮೇಲೆ ಕಟ್ಟಿದ್ದ ಅದರ ಮಣ್ಣಿನ ಗೂಡು ಮಳೆಗೆ ಕರಗಿ, ಒಳಗಿದ್ದ ಕೂಸು ಕೊಚ್ಚಿಹೋಗಿತ್ತು. ಆ ಸಂಕಟ ಮರೆಯದ ಹುಳ ಈ ಸಲ ಹೊಸ ಮನೆ ಕಟ್ಟುವಲ್ಲಿಂದ ಹಸಿ ಸಿಮೆಂಟು ಹೊತ್ತು ತಂದು ಗೂಡು ಕಟ್ಟಿತು. ಅದು ಒಣಗಿದ ಮೇಲೆ, ಹಾದುಹೋಗುತ್ತಿದ್ದ ಮುದಿ ಗೆದ್ದಲನ್ನು ಕರೆದು, "ನೋಡಜ್ಜ, ಇನ್ನು ಯಾವ ಮಳೆಗೂ ಹೆದರಿಕೆಯಿಲ್ಲ," ಎಂದಿತು.

ಗೆದ್ದಲು ಗೂಡನ್ನು ಒಮ್ಮೆ ಕಚ್ಚಿ ಬಾಯಿ ಒರೆಸಿಕೊಂಡಿತು. "ಗಟ್ಟಿಯಾಗಿದೆ ಮಗಳೇ. ಕೂಸು ಹೊರಗೆ ಬರುವುದು ಹೇಗೆ?"

"ನಾವೆಲ್ಲ ಬಂದ ಹಾಗೆ, ಗೋಡೆ ಕಡಿದುಕೊಂಡು."

"ಮೂರು ಮನೆಯ ತೊಲೆ ತಿಂದ ಹಲ್ಲಿದು. ಇದಕ್ಕೇ ಬಗ್ಗದ್ದು ಎಳೆಗೂಸಿಗೆ ಬಗ್ಗೀತೇ?"

ಹುಳ ತಾನೂ ಗೂಡನ್ನು ಒಮ್ಮೆ ಕಚ್ಚಿ ನೋಡಿತು. ಆಮೇಲೆ, "ಮಣ್ಣು ಕರಗುತ್ತದಲ್ಲಜ್ಜ," ಎಂದಿತು.

"ಮಣ್ಣಿನ ತಪ್ಪೇನು? ಅದರ ಮೇಲೆ ಸೂರಿತ್ತೇ?"

ದೇವರ ದಯೆ, ಮೊಟ್ಟೆ ಇನ್ನೂ ಇಟ್ಟಿರಲಿಲ್ಲ. ಹುಳ ತುಳಸಿಕಟ್ಟೆಯ ಬುಡದ ಕೆಸರು ತಂದು, ಹಳೆಯ ಮಣ್ಣಿನ ಮನೆಯೊಂದರ ಸೂರಿನ ಕೆಳಗೆ ಬೇರೆ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಗೂಡಿನ ಬಾಯಿ ಮುಚ್ಚಿತು. ಆ ವರ್ಷವೂ ಮಳೆ ಜೋರಾಗಿಯೇ ಹೊಡೆಯಿತು. ಮಳೆ ಬಿಟ್ಟ ಒಂದು ಬೆಳಿಗ್ಗೆ ಗೂಡಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು. ನೋಡುನೋಡುತ್ತಾ ತೂತು ದೊಡ್ಡದಾಗಿ, ಕೂಸು ರೆಕ್ಕೆ ಕೊಡವುತ್ತ ಹೊರಗೆ ಬಂತು. ಅದು ಕಡಿದು ಬೀಳಿಸಿದ ಮಣ್ಣು ಅಂಗಳದ ಮಣ್ಣಿಗೆ ಸೇರಿಕೊಂಡಿತು.

ಮನೆಗೆ ಪಾಯ ತೋಡುವವರು ಯಾರಾದರೂ ಸಿಕ್ಕರೆ, ಮೊದಲ ಕಲ್ಲಿಡುವ ಮುಂಚೆ ಅವರಿಗೂ ಇದನ್ನು ಹೇಳಿ.